ಮಾಂಟೆಸರಿಯೋ ವಾಲ್ಡಾರ್ಫೋ ಆಮೇಲೆ, ಮೊದಲು ಹೋಗಿ ಒಂದು ಬೆಳಿಗ್ಗೆ ಕೂತು ನೋಡಿ

ಮೂರು ವರ್ಷದ ಮಗಳಿಗೆ ಪುಟ್ಟ ಮಕ್ಕಳ ಯಾವ ಶಿಕ್ಷಣ ಪದ್ಧತಿ ಒಳ್ಳೆಯದು, ಮಾಂಟೆಸರಿಯೋ, ವಾಲ್ಡಾರ್ಫೋ, ರೆಜ್ಜೋ ಎಮಿಲಿಯಾವೋ ಅಂತ ಕೇಳಿದ್ದೀರಿ. ನಾನೂ ಹೀಗೇ ಗೆರೆ ಎಳೆದು ಪಟ್ಟಿ ಮಾಡಿದ್ದೆ. ಮಾಂಟೆಸರಿ ಗೆದ್ದಿತು, ಬೋರ್ಡಿನಲ್ಲಿ ಆ ಹೆಸರಿದ್ದ ಕಡೆ ಸೇರಿಸಿದೆ, ಎಂಟು ತಿಂಗಳಿಗೆ ಬಿಡಿಸಿದೆ.

ತಪ್ಪು ಒಂದೇ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಸಂಜೆ, ಶಾಲೆ ನೋಡಲು ಹೋಗಿದ್ದೆ. ಕಪಾಟಿನಲ್ಲಿ ಗುಲಾಬಿ ಗೋಪುರ ನೆಟ್ಟಗೆ ನಿಂತಿತ್ತು, ಅಷ್ಟಕ್ಕೇ ಮರುಳಾದೆ. ಆ ಗೋಪುರವೆಂದರೆ 10 ಮರದ ಘನಗಳು. ಚಿಕ್ಕದು 1 ಸೆಂ.ಮೀ., ದೊಡ್ಡದು 10 ಸೆಂ.ಮೀ. ಮಗು ಚಾಪೆ ಹಾಸಬೇಕು, ಘನಗಳನ್ನು ಒಂದೊಂದಾಗಿ ಹೊತ್ತು ತರಬೇಕು, ಕಟ್ಟಬೇಕು. ಕ್ರಮ ತಪ್ಪಿದರೆ ತನ್ನ ಕಣ್ಣಿಗೇ ಕಾಣುತ್ತದೆ. ಬಿಚ್ಚಿ ಮತ್ತೆ ಕಟ್ಟುತ್ತದೆ, ಕೊನೆಗೆ ಎಲ್ಲವನ್ನೂ ವಾಪಸ್ ಇಡುತ್ತದೆ. ಕೋಣೆಗೆ ಒಂದೇ ಸೆಟ್, ಹಾಗಾಗಿ ಉಳಿದವರು ಕಾಯಬೇಕು. ಅದಕ್ಕೇ ಈ ಪದ್ಧತಿಯಲ್ಲಿ ಮಧ್ಯೆ ತಡೆಯಿಲ್ಲದ ಸುಮಾರು 3 ಗಂಟೆ ಬೇಕು. ನಾನು ಸೇರಿಸಿದ ಶಾಲೆಯಲ್ಲೋ ಅರ್ಧ ಗಂಟೆಗೊಮ್ಮೆ ಬೆಲ್ ಬಾರಿಸುತ್ತಿದ್ದರು. ಆರನೇ ಘನ ತರುವಷ್ಟರಲ್ಲಿ ಅಕ್ಷರ ತಿದ್ದುವ ಪೀರಿಯಡ್! ಹೀಗೆ ನಾಲ್ಕು ಸಲ ಆದರೆ ಮಗು ಶುರು ಮಾಡುವುದನ್ನೇ ಬಿಡುತ್ತದೆ. ಇನ್ನೊಂದು: 3ರಿಂದ 6 ವರ್ಷದವರು ಒಂದೇ ಕೋಣೆಯಲ್ಲಿದ್ದರೆ ಚಿಕ್ಕವರು ದೊಡ್ಡವರನ್ನು ನೋಡಿ ಕಲಿಯುತ್ತಾರೆ. ಎಲ್ಲರೂ ಮೂರರವರೇ ಆದರೆ ಎಲ್ಲರಿಗೂ ಅದೇ ಗೋಪುರ ಬೇಕು, ಟೀಚರ್ ಬೇಸತ್ತು ಕಪಾಟಿಗೆ ಬೀಗ ಹಾಕುತ್ತಾರೆ. ಹಾಕಿದರು ಕೂಡ. ಒಂದು ಬೆಳಿಗ್ಗೆ ಕೂತಿದ್ದರೆ ಇದೆಲ್ಲ ಕಾಣುತ್ತಿತ್ತು.

ಆದ್ದರಿಂದ ಯಾವ ಪದ್ಧತಿ ಎಂಬ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಮಾಂಟೆಸರಿ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಬರೆಸಬಹುದು. ಟೀಚರ್ ತರಬೇತಿ ಎಲ್ಲಿ ಆಯಿತು, ಯಾವ ವಯಸ್ಸಿನ ಮಕ್ಕಳಿಗಾಗಿ ಆಯಿತು ಅಂತ ಕೇಳಿ. 0–3 ಬೇರೆ, 3–6 ಬೇರೆ. ವಾಲ್ಡಾರ್ಫ್‌ನಲ್ಲಿ ಓದುಬರಹದ ಪಾಠ ಶುರುವಾಗುವುದು ಏಳರ ಆಸುಪಾಸಿಗೆ. ಮುಂದಿನ ಶಾಲೆ ಅದಕ್ಕೂ ಮೊದಲೇ ಬರವಣಿಗೆ ಕೇಳುವುದಾದರೆ ತೊಂದರೆ ನಿಮಗೇ. ರೆಜ್ಜೋ ಎರಡನೇ ಮಹಾಯುದ್ಧದ ನಂತರ ಇಟಲಿಯ ರೆಜ್ಜೋ ಎಮಿಲಿಯಾ ಎಂಬ ಊರಲ್ಲಿ ಬೆಳೆದದ್ದು, ಸಿದ್ಧ ಪಠ್ಯಕ್ರಮವಲ್ಲ. ಗೋಡೆಯ ಮೇಲೆ ಮಕ್ಕಳ ಮಾತು, ಅವರವರ ಚಿತ್ರ ಇರಬೇಕು. ಒಂದೇ ಅಚ್ಚಿನ ಇಪ್ಪತ್ತು ಚಿಟ್ಟೆ ತೂಗುತ್ತಿದ್ದರೆ ಹೆಸರು ಮಾತ್ರ ರೆಜ್ಜೋ.

ಮಕ್ಕಳು ಬಂದು ಅರ್ಧ ಗಂಟೆಯಾದ ಮೇಲೆ ಹೋಗಿ, ಮೂಲೆಯಲ್ಲಿ ಒಂದು ಗಂಟೆ ಸುಮ್ಮನೆ ಕೂತಿರಿ. ಇಡೀ ಗುಂಪನ್ನು ಟೀಚರ್ ಎಷ್ಟು ಸಲ ನಿಲ್ಲಿಸುತ್ತಾರೆ, ಎಣಿಸಿ. ನೀರು ಚೆಲ್ಲಿದರೆ ಬಟ್ಟೆ ತರುವವರು ಯಾರು, ಮಗುವೋ ಆಯಾನೋ? ಅಳುವ ಮಗುವಿನ ಬಳಿ ಟೀಚರ್ ಬಗ್ಗಿ ಮಾತಾಡುತ್ತಾರೋ, ನಿಂತಲ್ಲಿಂದಲೇ ಗದರುತ್ತಾರೋ? ಎರಡು ವರ್ಷದಲ್ಲಿ ಎಷ್ಟು ಟೀಚರ್ ಬಿಟ್ಟುಹೋದರು ಅಂತಲೂ ಕೇಳಿ. ಪ್ರಿನ್ಸಿಪಾಲರ ಮುಖವೇ ಉತ್ತರ ಹೇಳುತ್ತದೆ. ಕೂರಲು ಬಿಡುವುದೇ ಇಲ್ಲ ಅಂದರೆ ಅರ್ಜಿ ತುಂಬಬೇಡಿ.

ಹೊರಡುವ ಮುನ್ನ ಶೌಚಾಲಯಕ್ಕೂ ಹೋಗಿ. ನಲ್ಲಿ ನಿಮ್ಮ ಮಗಳ ಕೈಗೆ ಎಟುಕುತ್ತದೆಯೇ, ಬಾಗಿಲು ಒಳಗಿನಿಂದ ಚಿಲಕ ಬಿದ್ದರೆ ಹೊರಗಿನಿಂದ ತೆಗೆಯಲು ಬರುತ್ತದೆಯೇ, ನೋಡಿಕೊಳ್ಳಿ.