ತೋಟದಲ್ಲಿ ಬಿದ್ದ ಹಲಸು, ಅಲ್ಲೇ ಹಲಗೆ

ಪ್ರಶ್ನೆ: ಆಷಾಢದ ಗಾಳಿಗೆ ಮನೆ ಹಿಂದಿನ ಹಳೇ ಹಲಸಿನ ಮರ ಅಡಿಕೆ ತೋಟಕ್ಕೆ ಉರುಳಿದೆ. ಬುಡದ ದಿಮ್ಮಿ ಒಂಬತ್ತಡಿ ಉದ್ದ, ಎರಡೂವರೆ ಅಡಿ ದಪ್ಪ. ಅಲ್ಲಿಗೆ ಲಾರಿ ಬರುವುದಿಲ್ಲ. ಚೈನ್‌ಸಾಗೆ ಮಿಲ್ (ದಿಮ್ಮಿಯನ್ನು ಹಲಗೆಯಾಗಿ ಸೀಳಲು ಜೋಡಿಸುವ ಚೌಕಟ್ಟು) ಜೋಡಿಸಿ ಅಲ್ಲೇ ಕೊಯ್ಯಬಹುದಾ? ನಮ್ಮದು 58 ಸಿಸಿ ಮಷಿನ್. ಯುಗಾದಿಗೆ ಹೊಸ ಬಾಗಿಲು ಮಾಡಿಸುವ ಆಸೆ.
– ಒಬ್ಬ ಓದುಗರು, ಶಿರಸಿ ತಾಲೂಕು

ಉತ್ತರ: ಖಂಡಿತ ಕೊಯ್ಯಬಹುದು. ಅಂಥ ಹಲಸನ್ನು ಸೌದೆ ಮಾಡಬೇಡಿ. ಆದರೆ 58 ಸಿಸಿ ಸಾಲುವುದಿಲ್ಲ. ಅಡ್ಡ ತುಂಡರಿಸುವುದಕ್ಕೂ ಉದ್ದಕ್ಕೆ ಸೀಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಉದ್ದ ಸೀಳುವಾಗ ಎಂಜಿನ್ ನಿಮಿಷಗಟ್ಟಲೆ ಪೂರ್ತಿ ವೇಗದಲ್ಲಿ ಓಡಬೇಕು, ಸಣ್ಣ ಮಷಿನ್ ಕಾದು ಹೋಗುತ್ತದೆ. 90 ಸಿಸಿಯದ್ದು, 36 ಇಂಚಿನ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಇರುವುದು ಬಾಡಿಗೆಗೆ ಸಿಗುತ್ತದಾ ನೋಡಿ. ಬಾರಿನಲ್ಲಿ ಐದಾರು ಇಂಚು ಮಿಲ್ಲಿನ ಹಿಡಿತಕ್ಕೇ ಹೋಗುತ್ತದೆ. ಚೈನ್ ಕೂಡ ಸೀಳುವುದಕ್ಕೆಂದೇ ಬರುವ ರಿಪ್ಪಿಂಗ್ ಚೈನ್ ಆಗಬೇಕು. ಅದರ ಹಲ್ಲನ್ನು ಸುಮಾರು 10 ಡಿಗ್ರಿ ಕೋನಕ್ಕೆ ಅರ ಹಾಕಿರುತ್ತಾರೆ. ಮಾಮೂಲಿ ಚೈನಿಗೆ 30 ಡಿಗ್ರಿ.

ಎಲ್ಲಾ ಇರುವುದು ಮೊದಲ ಕೊಯ್ತದಲ್ಲಿ. ದಿಮ್ಮಿ ದುಂಡಗಿರುತ್ತದೆ, ಮಿಲ್ ಜಾರಲು ಸಮತಟ್ಟು ಜಾಗ ಬೇಕಲ್ವಾ? ಅದಕ್ಕೆ ಅಲ್ಯುಮಿನಿಯಂ ಏಣಿಯನ್ನೋ ನೆಟ್ಟಗಿನ ಹಲಗೆಯನ್ನೋ ದಿಮ್ಮಿ ಮೇಲಿಟ್ಟು ಸ್ಕ್ರೂ ಹೊಡೆಯಬೇಕು. ಎರಡೂ ತುದಿಗೆ ಅಡ್ಡಲಾಗಿ ರಸಮಟ್ಟ ಇಡಿ. ಗುಳ್ಳೆ ಎರಡೂ ಕಡೆ ಒಂದೇ ಜಾಗದಲ್ಲಿ ನಿಲ್ಲುವ ತನಕ ಬೆಣೆ ಕೊಡುತ್ತಾ ಹೋಗಿ. ಇಲ್ಲಿ ತಿರುಚಿದರೆ ಆಮೇಲಿನ ಪ್ರತಿ ಹಲಗೆಯೂ ತಿರುಚುತ್ತದೆ. ಸ್ಕ್ರೂ ಕೊಯ್ತದ ಗೆರೆವರೆಗೆ ಇಳಿಯದಿರಲಿ. ಮನೆ ಹಿಂದಿನ ಮರ ಅಂದಿರಿ, ಬಟ್ಟೆ ತಂತಿಗೆ ಹೊಡೆದ ಹಳೇ ಮೊಳೆ ಒಳಗೆ ಸೇರಿಕೊಂಡಿರಬಹುದು. ಮೊದಲೇ ಹುಡುಕಿ ಕೀಳಿ.

ದಿಮ್ಮಿಯನ್ನು ಸ್ವಲ್ಪ ಇಳಿಜಾರಾಗಿ ಎತ್ತಿಟ್ಟರೆ ಮಷಿನ್ ತಳ್ಳುವುದು ಸಲೀಸು. ಒಬ್ಬರು ಹಿಂದಿನಿಂದ ಸೀಳಿಗೆ ಬೆಣೆ ಕೊಡುತ್ತಿರಲಿ, ಇಲ್ಲವಾದರೆ ಹಲಗೆ ಕುಸಿದು ಬಾರನ್ನು ಕಚ್ಚುತ್ತದೆ. ಹುಡಿ ಹಿಟ್ಟಿನಷ್ಟು ನುಣುಪಾದರೆ ಹಲ್ಲು ಮೊಂಡಾಗಿದೆ ಅಂತ ಅರ್ಥ, ನಿಲ್ಲಿಸಿ ಅರ ಹಾಕಿ. ಪ್ರತಿ ಕೊಯ್ತಕ್ಕೆ ಸೆಂಟಿಮೀಟರ್ ಹತ್ತಿರ ಮರ ಹುಡಿಯಾಗುತ್ತದೆ, ಹಾಗಾಗಿ ತೆಳು ಹಲಗೆಯ ಆಸೆ ಬೇಡ. ಎರಡಿಂಚು ಇರಲಿ. ಕಿವಿ, ಕಣ್ಣು, ಮೂಗಿಗೆ ರಕ್ಷಣೆ ಬೇಕೇ ಬೇಕು.

ಕೊಯ್ದ ದಿನವೇ ತುದಿಗಳಿಗೆ ಪೇಂಟ್ ಬಳಿಯಿರಿ. ಅಡಿಕೆ ಒಣಗಿಸುವ ಅಂಗಳದ ಬಿಸಿಲಿಗೆ ಮಾತ್ರ ಹಾಕಬೇಡಿ, ಸೀಳು ಬಿಡುತ್ತದೆ. ಗಾಳಿಯಾಡುವ ಕೊಟ್ಟಿಗೆ ಮಾಡಿನ ಕೆಳಗೆ, ಒಂದೂವರೆ ಅಡಿಗೊಂದು ರೀಪು ಕೊಟ್ಟು ಪೇರಿಸಿ. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು. ನಾನು ಒಮ್ಮೆ ಅವಸರದಲ್ಲಿ ರೀಪುಗಳನ್ನು ಹಿಂದೆ ಮುಂದೆ ಇಟ್ಟಿದ್ದೆ. ಮಳೆಗಾಲ ಕಳೆಯುವಾಗ ಏಳು ಹಲಗೆಯಲ್ಲಿ ಐದು ದೋಣಿಯ ಹಾಗೆ ಬಾಗಿದ್ದವು. ನನ್ನ ಅಜ್ಜ ನೆಟ್ಟ ಮರ ಅದು. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಕೊಯ್ಯುವ ಮೊದಲು ಅರಣ್ಯ ಇಲಾಖೆ ಕಚೇರಿಯಲ್ಲಿ ಅನುಮತಿ ಬೇಕಾ ಅಂತ ಒಂದು ಮಾತು ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.

ಬಾಗಿಲಿನ ವಿಚಾರ. ಇಂಚಿಗೆ ಒಂದು ವರ್ಷ ಒಣಗಬೇಕು ಅನ್ನುವುದು ಬಡಗಿಗಳ ಲೆಕ್ಕ. ಎರಡಿಂಚಿನ ಹಲಗೆ ಬರುವ ಯುಗಾದಿಗೆ ಆಗುವುದಿಲ್ಲ. ಕೊಯ್ದ ತಾರೀಖನ್ನು ಹಲಗೆ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಡಿ.