ತಡವಾಗಿ ಸಿಕ್ಕ ವೇದಿಕೆ

ಪ್ರಶ್ನೆ: ಶಿರಸಿಯಲ್ಲಿ ಅಡಿಕೆ ತೋಟ ನೋಡಿಕೊಂಡು ಗಿಟಾರ್ ಕಲಿಯುತ್ತಿದ್ದೇನೆ. ಅಮೆರಿಕದ ಕಪ್ಪು ಜನರ ಹಾಡುಗಾರಿಕೆಯಾದ ಬ್ಲೂಸ್‌ನ ಗಾಯಕ ಮಿಸಿಸಿಪ್ಪಿ ಜಾನ್ ಹರ್ಟ್ ಮುದುಕರಾದ ಮೇಲೆ ಹೆಸರು ಮಾಡಿದ್ದು ನಿಜವಾ?
– ಓದುಗ, ಶಿರಸಿ

ಉತ್ತರ: ನಿಜ. 1928ರಲ್ಲಿ ಓಕೆ ಎಂಬ ರೆಕಾರ್ಡ್ ಕಂಪನಿ ಅವರ ಹಾಡು ರೆಕಾರ್ಡ್ ಮಾಡಿತ್ತು. ಪ್ಲೇಟು ಅಷ್ಟಾಗಿ ಮಾರಾಟವಾಗಲಿಲ್ಲ, ಅವರು ಸುಮ್ನೆ ಹೊಲದ ಕೆಲಸಕ್ಕೆ ಮರಳಿದರು. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಸಂಗೀತಪ್ರೇಮಿ, ಹಳೇ ಹಾಡೊಂದರಲ್ಲಿ ಬರುವ ಆವಲಾನ್ ಎಂಬ ಊರ ಹೆಸರಿನ ಜಾಡು ಹಿಡಿದು, ಅಲ್ಲಿಗೇ ಹೋಗಿ ಅವರನ್ನು ಹುಡುಕಿಯೇ ಬಿಟ್ಟರು! ಅದೇ ವರ್ಷ ಹರ್ಟ್ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಹಾಡಿದರು. 1966ರಲ್ಲಿ ತೀರಿಕೊಂಡರು.

ನನಗಂತೂ ಆ ಮೆತ್ತನೆ ದನಿಗಿಂತ ಅವರ ಹೆಬ್ಬೆರಳೇ ಜಾಸ್ತಿ ಇಷ್ಟ. ಯಕ್ಷಗಾನದ ಮದ್ದಳೆ ತರಹ ದಪ್ಪ ತಂತಿಗಳ ಮೇಲೆ ತಾಳ ಬಿಡದೆ ನಡೆಯುತ್ತದೆ, ಉಳಿದ ಬೆರಳುಗಳು ಹಾಡಿನ ಧಾಟಿ ನುಡಿಸುತ್ತವೆ. ಅಡಿಕೆ ಕೊನೆಕೊಯ್ಲು ಮುಗಿದ ಮೇಲೆ ಮೊದಲು ಹೆಬ್ಬೆರಳೊಂದನ್ನೇ ಪಳಗಿಸಿ.