ಕಾನೂನು ಕಟ್ಟೆ: ಚುನಾವಣೆ ಹೊತ್ತಲ್ಲಿ ಕೋರ್ಟು ಯಾಕೆ ಕೈ ಹಾಕುವುದಿಲ್ಲ?

ಪ್ರಶ್ನೆ: ಮೇಡಂ, 2024ರ ಲೋಕಸಭೆ ಚುನಾವಣೆಗೆ ನಾನೂ ಅಮ್ಮನೂ ಮತಗಟ್ಟೆಗೆ ಹೋದರೆ ಪಟ್ಟಿಯಲ್ಲಿ ಇಬ್ಬರ ಹೆಸರೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಮನೆ, ಅದೇ ಬೂತು. ವೋಟರ್ ಕಾರ್ಡ್ ಕೈಯಲ್ಲೇ ಇತ್ತು. ಪರಿಚಯದ ವಕೀಲರಿಗೆ ಫೋನ್ ಮಾಡಿದರೆ "ಈಗ ಯಾವ ಕೋರ್ಟೂ ಕೈ ಹಾಕಲ್ಲ" ಎಂದುಬಿಟ್ಟರು. ಇಂಥದ್ದಕ್ಕಲ್ಲದೆ ಕೋರ್ಟ್ ಇರೋದು ಇನ್ಯಾತಕ್ಕೆ?
— ಓದುಗರೊಬ್ಬರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅಮ್ಮನನ್ನು ಕರೆದುಕೊಂಡು ಬಿಸಿಲಲ್ಲಿ ಹೋಗಿ ವಾಪಸ್ ಬರುವುದು ಸಣ್ಣ ನೋವಲ್ಲ. ಆ ವಕೀಲರು ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ ಹೇಳಿದರು.

ಮೊದಲು ದಿನಾಂಕ ನೋಡಿ. ದಾವಣಗೆರೆಯಲ್ಲಿ ಮತದಾನ ಆಗಿದ್ದು ಮೇ 7ಕ್ಕೆ. ನಾಮಪತ್ರಕ್ಕೆ ಕೊನೇ ದಿನ ಏಪ್ರಿಲ್ 19. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ ದಿನ ದಾಟಿತು ಅಂದರೆ ಚುನಾವಣೆ ಮುಗಿಯುವವರೆಗೂ ಪಟ್ಟಿಗೆ ಹೊಸ ಹೆಸರು ಸೇರಿಸುವಂತಿಲ್ಲ. ಅಂದರೆ ನೀವು ಮತಗಟ್ಟೆಗೆ ಹೋಗುವ ಹದಿನೆಂಟು ದಿನ ಮೊದಲೇ ಬಾಗಿಲು ಹಾಕಿಯಾಗಿತ್ತು. ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರು ಇರಬೇಕು. ಇದನ್ನು ನಮ್ಮ ಜನಕ್ಕೆ ಯಾರೂ ಬಿಡಿಸಿ ಹೇಳಿಲ್ಲ ಅನ್ನುವುದೇ ನನಗೆ ಜಾಸ್ತಿ ಬೇಜಾರು.

ಇನ್ನು ಕೋರ್ಟಿನ ವಿಷಯ. ಮೊದಲ ಮಹಾಚುನಾವಣೆ ಕಾಲದಲ್ಲಿ, ಆಗಿನ ಮದ್ರಾಸ್ ರಾಜ್ಯದ ನಾಮಕ್ಕಲ್‌ನಲ್ಲಿ ಪೊನ್ನುಸ್ವಾಮಿ ಎಂಬುವರ ನಾಮಪತ್ರವನ್ನು ಚುನಾವಣಾಧಿಕಾರಿ ತಿರಸ್ಕರಿಸಿದರು. ಅವರು ಹೈಕೋರ್ಟಿಗೆ ಹೋದರು, ಆಗಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1952ರ ಜನವರಿಯಲ್ಲಿ ತೀರ್ಪು ಬಂತು. ಸಂವಿಧಾನದ 329ನೇ ವಿಧಿಯಲ್ಲಿ, ಚುನಾವಣೆಯನ್ನು ತಕರಾರು ಅರ್ಜಿಯಲ್ಲಿ ಬಿಟ್ಟು ಬೇರೆ ದಾರಿಯಲ್ಲಿ ಪ್ರಶ್ನಿಸುವಂತಿಲ್ಲ ಅಂತ ಇದೆ. ಅಲ್ಲಿ ಚುನಾವಣೆ ಅಂದರೆ ವೋಟು ಹಾಕುವ ಒಂದು ದಿನ ಅಲ್ಲ, ಅಧಿಸೂಚನೆ ಹೊರಟಾಗಿನಿಂದ ಫಲಿತಾಂಶ ಬರುವವರೆಗಿನ ಎಲ್ಲವೂ ಚುನಾವಣೆಯೇ, ತಕರಾರು ಏನಿದ್ದರೂ ಮುಗಿದ ಮೇಲೆ ತನ್ನಿ ಎಂದಿತು ಕೋರ್ಟು. ಪಂಚಾಯ್ತಿ, ನಗರಸಭೆಗಳಿಗೂ ಸಂವಿಧಾನದಲ್ಲಿ ಇಂಥದ್ದೇ ತಡೆ ಇದೆ. ಕಾರಣ ಕಷ್ಟದ್ದೇನಲ್ಲ. ನಮ್ಮ 224 ವಿಧಾನಸಭಾ ಕ್ಷೇತ್ರಗಳಲ್ಲಿ ಅಲ್ಲೊಂದು ಇಲ್ಲೊಂದು ಸ್ಟೇ ಬೀಳುತ್ತಾ ಹೋದರೆ ಸರ್ಕಾರ ರಚನೆಯಾಗುವುದು ಯಾವಾಗ? ಸೋಲುವ ಭಯ ಇರುವವನೇ ಮೊದಲು ಸ್ಟೇ ತರುತ್ತಾನೆ, ಅಲ್ವಾ?

ಹಾಗಂತ ಕೋರ್ಟು ಕಣ್ಣು ಮುಚ್ಚಿ ಕೂರುವುದಿಲ್ಲ. 2000ರಲ್ಲಿ ಅಶೋಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ: ಚುನಾವಣೆಗೆ ಅಡ್ಡ ಬರುವ ಆದೇಶ ಬೇಡ, ಚುನಾವಣೆ ಸರಿಯಾಗಿ ನಡೆಯಲು ನೆರವಾಗುವ ಆದೇಶ ಕೊಡಬಹುದು. 2025ರಲ್ಲಿ ಬಿಹಾರದಲ್ಲಿ ನಡೆದಿದ್ದು ನೆನಪಿರಬೇಕು. ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯಲ್ಲಿ ಸುಮಾರು 65 ಲಕ್ಷ ಹೆಸರು ಕರಡು ಪಟ್ಟಿಯಿಂದ ಬಿಟ್ಟುಹೋದವು. ಸುಪ್ರೀಂ ಕೋರ್ಟು ಪರಿಷ್ಕರಣೆಗೆ ತಡೆ ಕೊಡಲಿಲ್ಲ. ಆದರೆ ಬಿಟ್ಟ ಅಷ್ಟೂ ಹೆಸರನ್ನು ಕಾರಣದ ಸಮೇತ ಪ್ರಕಟಿಸಿ ಎಂದು ಆಗಸ್ಟ್‌ನಲ್ಲಿ ಆದೇಶಿಸಿತು, ಗುರುತಿಗೆ ಆಧಾರ್ ಕಾರ್ಡನ್ನೂ ಒಪ್ಪಿಕೊಳ್ಳಿ ಎಂದು ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿತು. ಚುನಾವಣೆಯ ದಿನಾಂಕ ಘೋಷಣೆ ಆಗಿದ್ದು ಅಕ್ಟೋಬರ್‌ನಲ್ಲಿ. ಈ ಕ್ರಮ ಗಮನಿಸಿ. ದಿನಾಂಕ ಘೋಷಣೆಗೆ ಮುಂಚೆಯೇ ಕೋರ್ಟಿನ ಬಾಗಿಲು ತಟ್ಟಿದ್ದರಿಂದ ಇಷ್ಟಾದರೂ ಸಿಕ್ಕಿತು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಒಮ್ಮೆ ಪಟ್ಟಿಯಲ್ಲಿದ್ದವರ ಹೆಸರನ್ನು ಸುಮ್ನೆ ತೆಗೆಯುವಂತಿಲ್ಲ, ನೋಟಿಸ್ ಕೊಟ್ಟು ಅವರ ಮಾತು ಕೇಳಲೇಬೇಕು ಎಂದು 1995ರಲ್ಲೇ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ತೀರ್ಪಾಗಿದೆ. ಹಾಗಾಗಿ ಹೆಸರು ಯಾಕೆ ಹೋಯಿತು, ನೋಟಿಸ್ ಯಾವಾಗ ಕೊಟ್ಟಿರಿ ಎಂದು ಮತದಾರರ ನೋಂದಣಿ ಅಧಿಕಾರಿಯನ್ನು ಬರವಣಿಗೆಯಲ್ಲಿ ಕೇಳಿ. ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ಅಂದರೆ ನಮೂನೆ 6, ಈಗಲೇ ಹಾಕಿ, ಚುನಾವಣೆಗೆ ಕಾಯಬೇಡಿ. ಅಲ್ಲಿ ನಿಮ್ಮ ವಿರುದ್ಧ ಆದೇಶವಾದರೆ 15 ದಿನದೊಳಗೆ ಡಿಸಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಆಮೇಲೆ ಹೈಕೋರ್ಟು. ನಮ್ಮ ಜಿಲ್ಲೆಯವರು ಅದಕ್ಕೆ ಬೆಂಗಳೂರಿಗೇ ಹೋಗಬೇಕು, ಧಾರವಾಡ ಪೀಠಕ್ಕೆ ನಾವು ಸೇರುವುದಿಲ್ಲ.

ಸ್ವೀಕೃತಿ ಚೀಟಿ ಮಾತ್ರ ಕಳೆಯಬೇಡಿ. ಜಗಳೂರು ಕಡೆಯ ಒಬ್ಬ ಅಜ್ಜ ನನ್ನ ಆಫೀಸಿಗೆ ಬಂದಿದ್ದರು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಮಡಿಕೆ ಕಡೆ ಹರಿದಿತ್ತು, ಆದರೆ ತಾರೀಕು, ಸೀಲು ಎರಡೂ ಓದಲು ಬರುತ್ತಿತ್ತು. ಅರ್ಜಿಯೇ ಬಂದಿಲ್ಲ ಎನ್ನುತ್ತಿದ್ದವರ ಮುಂದೆ ಅದನ್ನು ಬಿಚ್ಚಿಟ್ಟ ಮೇಲೆ ನಾನು ವಾದ ಮಾಡುವುದೇ ಉಳಿಯಲಿಲ್ಲ.

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಒಂದು ಕೋರ್ಟು ಚುನಾವಣಾ ನಿಯಮ ತಪ್ಪು ಎಂದರೂ, ಚುನಾವಣೆ ಹತ್ತಿರ ಬಂದಿದೆ ಎಂದು ಮೇಲಿನ ಕೋರ್ಟು ಅದೇ ನಿಯಮದಲ್ಲಿ ಚುನಾವಣೆ ಮಾಡಿಸುತ್ತದೆಯಂತೆ. ಇದು ಸರಿಯಾ?
— ನಿವೃತ್ತ ಶಿಕ್ಷಕರು, ಚಳ್ಳಕೆರೆ

ಉತ್ತರ: ಮೇಷ್ಟ್ರೇ, ಮಗಳು ಹೇಳಿದ್ದು ನಿಜ. ಅಲ್ಲಿ ನಮ್ಮ ಹಾಗೆ ಇಡೀ ದೇಶದ ಚುನಾವಣೆ ನಡೆಸುವ ಒಂದೇ ಆಯೋಗ ಇಲ್ಲ. ಗುರುತಿಗೆ ಏನು ತೋರಿಸಬೇಕು, ಅಂಚೆಯಲ್ಲಿ ಮತ ಹೇಗೆ ಕಳಿಸಬೇಕು, ಇದೆಲ್ಲ ಹೆಚ್ಚಾಗಿ ಆಯಾ ರಾಜ್ಯದ್ದೇ ನಿಯಮ. ಅದಕ್ಕೇ ಅಲ್ಲಿ ಕೇಸುಗಳೂ ಜಾಸ್ತಿ. ಕೋರ್ಟು ತಕ್ಕಡಿ ಹಿಡಿದ ಹಾಗೆ ನೋಡುತ್ತದೆ. ಮತದಾರನ ಮೇಲೆ ಬೀಳುವ ಹೊರೆ ಒಂದು ಕಡೆ, ರಾಜ್ಯ ಕೊಡುವ ಕಾರಣ ಇನ್ನೊಂದು ಕಡೆ. ವರ್ಜೀನಿಯಾ ರಾಜ್ಯ ವೋಟು ಹಾಕಲು ಒಂದೂವರೆ ಡಾಲರ್ ತೆರಿಗೆ ಕೇಳುತ್ತಿತ್ತು, 1966ರಲ್ಲಿ ಅದನ್ನು ಸುಪ್ರೀಂ ಕೋರ್ಟು ಹೊಡೆದು ಹಾಕಿತು. ಇಂಡಿಯಾನಾ ರಾಜ್ಯ ಫೋಟೋ ಇರುವ ಗುರುತಿನ ಚೀಟಿ ಕಡ್ಡಾಯ ಮಾಡಿದಾಗ 2008ರಲ್ಲಿ ಎತ್ತಿ ಹಿಡಿಯಿತು.

ನೀವು ಕೇಳಿದ ಸಂಗತಿಗೆ ಅಲ್ಲಿ 'ಪರ್ಸೆಲ್ ತತ್ವ' ಎನ್ನುತ್ತಾರೆ. 2006ರಲ್ಲಿ ಅರಿಜೋನಾ ರಾಜ್ಯದ ಗುರುತಿನ ಚೀಟಿ ನಿಯಮಕ್ಕೆ ಕೆಳಗಿನ ಕೋರ್ಟು ಅಕ್ಟೋಬರ್ 5ಕ್ಕೆ ತಡೆ ಕೊಟ್ಟಿತು. ನವೆಂಬರ್ 7ಕ್ಕೆ ಚುನಾವಣೆ. ಇಷ್ಟು ಹತ್ತಿರದಲ್ಲಿ ನಿಯಮ ಬದಲಿಸಿದರೆ ಮತದಾರರಿಗೆ ಗೊಂದಲವಾಗುತ್ತದೆ ಎಂದು ಸುಪ್ರೀಂ ಕೋರ್ಟು ಅಕ್ಟೋಬರ್ 20ಕ್ಕೆ ಆ ತಡೆ ತೆಗೆಯಿತು.

ಗೊಂದಲದ ಮಾತು ಒಪ್ಪೋಣ. ಆದರೆ ಅಲಬಾಮಾದಲ್ಲಿ ಆಗಿದ್ದನ್ನು ಒಪ್ಪಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲಿನ ಜನರಲ್ಲಿ ಕಪ್ಪು ವರ್ಣೀಯರು ಕಾಲು ಭಾಗಕ್ಕಿಂತ ಜಾಸ್ತಿ. ಸಂಸತ್ತಿನ ಏಳು ಕ್ಷೇತ್ರಗಳಲ್ಲಿ ಅವರು ಬಹುಸಂಖ್ಯಾತರಾಗಿರುವ ಹಾಗೆ ಗಡಿ ಎಳೆದಿದ್ದು ಒಂದರಲ್ಲಿ ಮಾತ್ರ. 2022ರ ಜನವರಿಯಲ್ಲೇ ಮೂವರು ನ್ಯಾಯಾಧೀಶರ ಪೀಠ ಅದು ಕಾನೂನಿಗೆ ವಿರುದ್ಧವಾಗಿ ಕಾಣುತ್ತದೆ ಎಂದಿತು. ನವೆಂಬರ್ ಚುನಾವಣೆಗೆ ಇನ್ನೂ ಒಂಬತ್ತು ತಿಂಗಳು ಇದ್ದರೂ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಅದೇ ನಕ್ಷೆಯಲ್ಲಿ ಚುನಾವಣೆ ನಡೆಯಿತು. 2023ರ ಜೂನ್‌ನಲ್ಲಿ ಅದೇ ಸುಪ್ರೀಂ ಕೋರ್ಟು ಐದು-ನಾಲ್ಕರ ಬಹುಮತದಲ್ಲಿ ಕೆಳಗಿನ ಪೀಠ ಹೇಳಿದ್ದೇ ಸರಿ ಎಂದಿತು. ಗೆದ್ದವರು ಅಷ್ಟೊತ್ತಿಗೆ ಸದನದಲ್ಲಿ ಕೂತು ಐದು ತಿಂಗಳಾಗಿತ್ತು. ಆ ಜನಕ್ಕೆ ಕೈತಪ್ಪಿದ ಎರಡು ವರ್ಷವನ್ನು ಯಾವ ತೀರ್ಪೂ ವಾಪಸ್ ಕೊಡಲಿಲ್ಲ.

ಪ್ರಶ್ನೆ: ನಾನು ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಮುಂದೆ ಹತ್ತನೇ ಕ್ಲಾಸು ಪಾಸಾದವರು ಮಾತ್ರ ನಿಲ್ಲಬೇಕು ಅಂತ ನಿಯಮ ತಂದರೆ ಕೋರ್ಟಿಗೆ ಹೋಗಬಹುದಾ?
— ಹೊಸದುರ್ಗ ತಾಲ್ಲೂಕು

ಉತ್ತರ: ಅಕ್ಕಾ, ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿಗೆ ನಿಲ್ಲಲು ಇಷ್ಟು ಓದಿರಬೇಕು ಎಂಬ ನಿಯಮ ಇಲ್ಲ. ಬಂದರೆ ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ಆದರೆ ಗೆಲ್ಲುವುದು ಕಷ್ಟ ಎಂದು ಮೊದಲೇ ಹೇಳಿಬಿಡುತ್ತೇನೆ. ಹರಿಯಾಣ ಇಂಥ ಕಾನೂನು ತಂದಾಗ ಸುಪ್ರೀಂ ಕೋರ್ಟು 2015ರ ಡಿಸೆಂಬರ್‌ನಲ್ಲಿ, ರಾಜಬಾಲಾ ಪ್ರಕರಣದಲ್ಲಿ, ಅದನ್ನು ಎತ್ತಿ ಹಿಡಿಯಿತು. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸದಿದ್ದ ಕಾಲದಲ್ಲಿ ಹುಟ್ಟಿದ್ದು ನಿಮ್ಮ ತಪ್ಪಲ್ಲ. ನೀರಿನ ಟ್ಯಾಂಕು ಎಲ್ಲಿ ಕಟ್ಟಬೇಕು, ಯಾರ ಮನೆಗೆ ಬಿಲ್ಲು ಬಂದಿಲ್ಲ ಎಂಬುದು ನಿಮಗೆ ಗೊತ್ತಿರುವಷ್ಟು ಪಾಸಾದವರಿಗೆಲ್ಲ ಗೊತ್ತಿರಲೇಬೇಕೆಂದಿಲ್ಲ.

ರಾಜಸ್ಥಾನದ ಕಥೆ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ 2014ರ ಡಿಸೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದರು, ಜನವರಿಯಲ್ಲೇ ಪಂಚಾಯ್ತಿ ಚುನಾವಣೆ. ಸರಪಂಚರಾಗಲು ಎಂಟನೇ ಕ್ಲಾಸು ಬೇಕು ಅಂತ. ಕೋರ್ಟಿನಿಂದ ತಡೆ ಸಿಗಲಿಲ್ಲ, ಓದಿಲ್ಲದವರು ಹೊರಗೇ ಉಳಿದರು. ಕೊನೆಗೆ 2019ರಲ್ಲಿ ವಿಧಾನಸಭೆಯೇ ಆ ನಿಯಮವನ್ನು ತೆಗೆಯಿತು. ಹಾಗಾಗಿ ಅಂಥ ಮಸೂದೆ ಬರುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದ ವಾರವೇ ನಿಮ್ಮ ಶಾಸಕರ ಹತ್ತಿರ ಹೋಗಿ, ಹತ್ತು ಜನ ಹೆಣ್ಣುಮಕ್ಕಳನ್ನು ಕಟ್ಟಿಕೊಂಡೇ ಹೋಗಿ.

ಪ್ರಶ್ನೆ: ಪಂಚಾಯ್ತಿ ಚುನಾವಣೆಯಲ್ಲಿ ಎರಡು ವೋಟಲ್ಲಿ ಸೋತರೆ ಎಷ್ಟು ದಿನದೊಳಗೆ ಕೇಸು ಹಾಕಬೇಕು?
— ಹೆಸರು ಬೇಡ, ಚನ್ನಗಿರಿ

ಉತ್ತರ: ಫಲಿತಾಂಶ ಘೋಷಣೆಯಾದ 30 ದಿನದೊಳಗೆ, ನಿಮ್ಮ ವ್ಯಾಪ್ತಿಯ ಸಿವಿಲ್ ಕೋರ್ಟಿನಲ್ಲಿ. ವಿಧಾನಸಭೆ, ಲೋಕಸಭೆಗಾದರೆ 45 ದಿನ, ಅದೂ ಹೈಕೋರ್ಟಿನಲ್ಲಿ. 46ನೇ ದಿನ ಹೋದರೆ ಜ್ವರ ಬಂದಿತ್ತು, ಊರಲ್ಲಿ ಸಾವಾಗಿತ್ತು ಎಂದರೂ ವಿನಾಯಿತಿ ಇಲ್ಲ. ಮರುಎಣಿಕೆ ಬೇಕೆಂದರೆ ಎಣಿಕೆ ಕೊಠಡಿಯಿಂದ ಹೊರಗೆ ಬರುವ ಮೊದಲೇ ಬರೆದು ಕೊಡಿ, ಕೊಟ್ಟದ್ದರ ನಕಲು ಇಟ್ಟುಕೊಳ್ಳಿ. ಊರಿನ ಹಿರಿಯರು ರಾಜಿ ಮಾಡಿಸುತ್ತೇವೆ ಎಂದರೆ ಮಾಡಿಸಲಿ, ಬೇಡ ಎನ್ನುವುದಿಲ್ಲ. ಅರ್ಜಿ ಮಾತ್ರ ಅದಕ್ಕೆ ಮುಂಚೆ ಕೋರ್ಟಿನಲ್ಲಿರಲಿ.